ಎಣ್ಣೆ ನೆಲದಲ್ಲಿ ಆರಡಿ ಹಸಿರು

"ಇದು ಕ್ಯಾಮೆರಾದ್ದೇ ತಪ್ಪಿರಬೇಕು," ಎಂದಳು ನಿಶಾತ, ಮೂರನೆಯ ಸಲ.

ಧರ್ಮಣ್ಣ ಮೂರನೆಯ ಸಲವೂ ಚಹಾ ಗುಟುಕರಿಸಿದ. ಮುಂಬೈ ಪೊಲೀಸಿನಲ್ಲಿ ಮೂವತ್ತೆರಡು ವರ್ಷ ಸವೆಸಿ, ನಿವೃತ್ತಿಯಾದ ಮೇಲೂ ಸುಮ್ಮನೆ ಕೂರಲಾರದೆ, ಕಾಣೆಯಾದವರನ್ನು ಹುಡುಕಿಕೊಡುವ ಕೆಲಸ ಹಿಡಿದ ಜಮಖಂಡಿ ಕಡೆಯ ಮನುಷ್ಯ ಆತ. ಎದುರಿನವರು ತಾವಾಗಿ ಬಾಯಿ ಬಿಡುವವರೆಗೆ ಚಹಾ ಕುಡಿಯುತ್ತ ಕೂರುವುದು ಅವನ ವಿದ್ಯೆ. ಪರೇಲಿನ ಆ ಲ್ಯಾಬಿನ ಚಹಾ ಮನುಷ್ಯರು ಕುಡಿಯುವಂತಿರಲಿಲ್ಲ. ಆದರೂ ಕುಡಿಯುತ್ತಿದ್ದ.

ಪರದೆಯ ಮೇಲೆ ಬೊರಿವಲಿಯ ಡ್ರಮ್ ಗೋದಾಮಿನ ಅಂಗಳ ಹರಡಿಕೊಂಡಿತ್ತು. ಕಳೆದ ಶನಿವಾರ ನಿಶಾತಳೇ ನಿಂತು ಅದರ ಮೇಲೆ ಡ್ರೋನ್ ಹಾರಿಸಿದ್ದಳು. ಪಕ್ಕದ ಬಿಲ್ಡಿಂಗಿನ ಬೋರ್‌ವೆಲ್ ನೀರು ಎಣ್ಣೆ ನಾರತೊಡಗಿ, ಆ ಎಣ್ಣೆ ನೆಲದಲ್ಲಿ ಎಲ್ಲೆಲ್ಲಿ ಹರಡಿದೆ ಎಂದು ನಕ್ಷೆ ಮಾಡಿಕೊಡಲು ಬಿಲ್ಡಿಂಗಿನವರು ಅವಳ ಲ್ಯಾಬಿಗೆ ಹೇಳಿದ್ದರು. ಅದೇ ಗೋದಾಮಿನ ವಾಚ್‌ಮನ್ ಭೀಮರಾಯ ಡಿಸೆಂಬರಿನಿಂದ ಕಾಣೆಯಾಗಿದ್ದ. ಅವನ ಹೆಂಡತಿ ಸುಂದ್ರವ್ವ ಧರ್ಮಣ್ಣನ ಬಾಗಿಲು ಬಡಿದಿದ್ದಳು. ಎರಡು ಹುಡುಕಾಟಗಳು ಒಂದೇ ಅಂಗಳದಲ್ಲಿ ಬಂದು ಡಿಕ್ಕಿ ಹೊಡೆದದ್ದು ಹೀಗೆ.

"ಇನ್ನೊಮ್ಮೆ ತಿಳಿಸಿ ಹೇಳವಾ ತಂಗಿ," ಎಂದ ಧರ್ಮಣ್ಣ ಕಡೆಗೆ. "ನಾ ಹಳೇ ಕಾಲದಾಂವ."

"ನಮ್ಮ ಕಣ್ಣಿಗಿ ಕಾಣದ ಬೆಳಕು ಈ ಕ್ಯಾಮೆರಾಕ್ಕ ಕಾಣ್ತದ ಕಾಕಾ. ಎಣ್ಣಿ ಕುಡದ ಮಣ್ಣು ಆ ಬೆಳಕಿನ್ಯಾಗ ಒಂದೆರಡು ಪಟ್ಟಿ ನುಂಗಿಬಿಡ್ತದ. ಒಳ್ಳೆ ಮಣ್ಣು ನುಂಗಂಗಿಲ್ಲ. ನುಂಗಿದ ಜಾಗಾಕ್ಕೆಲ್ಲ ನಾನು ನೇರಳೆ ಕಲರ್ ಹಚ್ಚೀನಿ."

ಅಂಗಳವೆಲ್ಲ ನೇರಳೆಯಾಗಿತ್ತು. ಇಪ್ಪತ್ತು ವರ್ಷದಿಂದ ಹಳೆಯ ಆಯಿಲ್ ಡ್ರಮ್ಮುಗಳನ್ನು ತೊಳೆದ ನೆಲಕ್ಕೆ ಬೇರೆ ಬಣ್ಣ ಬರುವುದಾದರೂ ಹೇಗೆ? ಆದರೆ ಹಿಂದಿನ ಗೋಡೆಯ ಹತ್ತಿರ, ನೇರಳೆಯ ನಡುವೆ, ಒಂದು ಉದ್ದನೆಯ ತುಂಡು ಬೆಳ್ಳಗೆ ಉಳಿದಿತ್ತು. ನಾಲ್ಕೂ ಅಂಚು ಚಾಕುವಿನಲ್ಲಿ ಕೊಯ್ದ ಬರ್ಫಿಯಷ್ಟು ನೇರ. ಅಷ್ಟು ಜಾಗದಲ್ಲಿ ಮಾತ್ರ ಎಣ್ಣೆಯ ಸುಳಿವೇ ಇರಲಿಲ್ಲ.

ನಿಶಾತ ಇನ್ನೊಂದು ಬಟನ್ ಒತ್ತಿದಳು. ಈಗ ಜೀವಂತ ಗಿಡ ಇರುವ ಕಡೆಯೆಲ್ಲ ಹಸಿರು ಹೊಳೆಯಬೇಕು. ಇಡೀ ಅಂಗಳದಲ್ಲಿ ಒಂದೇ ಕಡೆ ಹೊಳೆಯಿತು. ಅದೂ ಆ ಬಿಳಿ ತುಂಡಿನ ನಟ್ಟನಡುವೆ.

"ಏಪ್ರಿಲ್ ತಿಂಗಳು. ಮಳಿ ಇಲ್ಲ. ಗೋದಾಮಿಗಿ ಜನವರಿಯಿಂದ ಬೀಗ," ಎಂದು ಧರ್ಮಣ್ಣ ಬೆರಳು ಮಡಚಿದ. "ಹುಲ್ಲು ಹುಟ್ಟದ ನೆಲದಾಗ ಗಿಡ ಹ್ಯಾಂಗ ಬದುಕ್ತು?"

"ಯಾರೋ ಹೊರಗಿಂದ ಮಣ್ಣು ತಂದು ಹಾಕ್ಯಾರ." ನಿಶಾತ ಚಿತ್ರವನ್ನು ಹಿಗ್ಗಿಸಿದಳು. "ಯಾರೋ ನೀರು ಹಾಕಾಕತ್ತಾರ."

"ಉದ್ದ ಎಷ್ಟು?"

"ಆರೂವರೆ ಅಡಿ. ಅಗಲ ಮೂರು."

"ದಿಕ್ಕು?"

ಅದನ್ನು ಹೇಳಲು ಅವಳು ಅಳತೆ ನೋಡಬೇಕಿರಲಿಲ್ಲ. ಅಜ್ಜನ ಮಣ್ಣಿನ ದಿನ ಖಬರಸ್ತಾನದ ಗೇಟಿನ ಹೊರಗೆ ನಿಂತು ಅಂಥ ಸಾಲುಗಳನ್ನು ನೋಡಿದವಳು ಅವಳು. ತಲೆ ಉತ್ತರಕ್ಕೆ, ಕಾಲು ದಕ್ಷಿಣಕ್ಕೆ, ಮುಖ ಪಶ್ಚಿಮಕ್ಕೆ ಹೊರಳಿಸಿ ಮಲಗಿಸುತ್ತಾರೆ.

"ಉತ್ತರ-ದಕ್ಷಿಣ," ಎಂದಳು.

ಧರ್ಮಣ್ಣ ಕಪ್ಪು ಕೆಳಗಿಟ್ಟ. "ನಮ್ಮ ಮಂದಿ ಕುಂದರಿಸಿ ಮಣ್ಣು ಕೊಡ್ತೀವಿ. ನಮ್ಮ ಕುಣಿ ಚೌಕ ಇರತದ. ಭೀಮರಾಯನ ಮಂದೀದೂ ಹಂಗೇ. ಇದು ಮಲಗಿಸಿದ ಕುಣಿ."

ಯಾರ ಮಂದಿ ಹಾಗೆ ಮಲಗಿಸುತ್ತಾರೆ ಎಂದು ಅವನು ಹೇಳಲಿಲ್ಲ. ನಿಶಾತಳ ಮುಂದೆ ಹೇಳುವ ಅಗತ್ಯವೂ ಇರಲಿಲ್ಲ.

"ಒಂದು ಮಾತು ನೆನಪಿಡು ತಂಗಿ. ಕೊಂದಾಂವ ಗಿಡಕ್ಕ ನೀರ ಹಾಕಂಗಿಲ್ಲ. ಕಳಕೊಂಡಾಂವ ಹಾಕ್ತಾನ." ಅವನು ಎದ್ದು ಚೀಲ ಹೆಗಲಿಗೇರಿಸಿದ. "ಸಂಜಿ ಐದಕ್ಕ ನಿನ್ನ ಸಹಿ ಮಾಡಿದ ನಕ್ಷೆ ನನ್ನ ಫೋನಿಗಿ ಬರಬೇಕು. ಸುಂದ್ರವ್ವನ್ನ ಕರಕೊಂಡು ಠಾಣೆಗಿ ಹೋಗ್ತೀನಿ. ಕಾಗದ ಇರದಿದ್ರ ಅವರು ಅಗಿಯಾಕ ಸಲಕಿ ಎತ್ತಂಗಿಲ್ಲ."

ಬಾಗಿಲ ಹತ್ತಿರ ಹೋದವನು, ಏನೋ ಮರೆತವನಂತೆ ತಿರುಗಿದ. ಪೊಲೀಸರು ಏನನ್ನೂ ಮರೆಯುವುದಿಲ್ಲ ಎಂಬುದು ನಿಶಾತಳಿಗೆ ಈ ಕೆಲವು ದಿನಗಳಲ್ಲಿ ತಿಳಿದುಹೋಗಿತ್ತು.

"ನಿಮ್ಮ ಅಬ್ಬಾ ನಬೀಸಾಬರೂ ಅಲ್ಲೇ ಡ್ರಮ್ ತೊಳದಾರಲ್ಲ? ನಾಳೆ ಅವರನ್ನೂ ಒಂದು ಮಾತು ಕೇಳಬೇಕು."

ಅವನು ಹೋದ ಮೇಲೆ ನಿಶಾತ ಕೈಕಟ್ಟಿ ಕೂರಲಿಲ್ಲ. ಲ್ಯಾಬಿನ ಸಂಗ್ರಹದಲ್ಲಿ ಅದೇ ಜಾಗದ ಹಳೆಯ ಉಪಗ್ರಹ ಚಿತ್ರಗಳಿದ್ದವು. ಅವುಗಳಲ್ಲಿ ಒಂದು ಚುಕ್ಕೆ ಎಂದರೆ ನೆಲದ ಮೇಲೆ ಒಂದಡಿ ಚಿಲ್ಲರೆ. ಕುಣಿಯ ಉದ್ದಕ್ಕೆ ಹೆಚ್ಚೆಂದರೆ ಆರು ಚುಕ್ಕೆ ಸಿಕ್ಕಾವು. ಸಾಕು ಅಷ್ಟು.

ಡಿಸೆಂಬರ್ ಹದಿನೈದರ ಚಿತ್ರದಲ್ಲಿ ಗೋಡೆಯ ಪಕ್ಕ ತಿಳಿ ಬಣ್ಣದ ಚೂರು ಇತ್ತು. ನವೆಂಬರ್ ಇಪ್ಪತ್ತರಲ್ಲೂ ಇತ್ತು. ನವೆಂಬರ್ ಒಂಬತ್ತರಲ್ಲೂ ಇತ್ತು. ಅಕ್ಟೋಬರ್ ಇಪ್ಪತ್ತೆರಡರಲ್ಲಿ ಇರಲಿಲ್ಲ.

ಅವಳು ಕುರ್ಚಿಗೆ ಒರಗಿದಳು. ಭೀಮರಾಯನನ್ನು ಜನ ಕಡೆಯ ಸಲ ನೋಡಿದ್ದು ಡಿಸೆಂಬರ್ ಹನ್ನೆರಡಕ್ಕೆ. ಅದಕ್ಕೆ ತಿಂಗಳ ಮೊದಲೇ ಕುಣಿ ಇತ್ತು. ಹಾಗಾದರೆ ಒಳಗಿರುವುದು ಭೀಮರಾಯನಲ್ಲ. ಒಂದು ಗಳಿಗೆ ಅವಳಿಗೆ ಸಮಾಧಾನವೇ ಆಯಿತು.

ಆಗ ಫೋನ್ ಬಂತು. ಸಾಂತಾಕ್ರೂಜಿನ ಚಾಳಿನಿಂದ ಅಮ್ಮಿ, ಹಲೀಮಾ.

"ಬೇಟಿ, ನಿನಗೇನರೆ ಶಾಹೀದನ ಮೆಸೇಜ್ ಬಂತೇನು?"

"ನಾಳೆ ಜುಮ್ಮಾ ಅಲ್ಲೇನ್ ಅಮ್ಮಿ. ಅಂವ ನಾಳೆ ಕಳಸ್ತಾನ." ತಮ್ಮನ ಮೆಸೇಜ್ ಬರುತ್ತಿದ್ದದ್ದು ಶುಕ್ರವಾರ ಮಾತ್ರ.

"ಬರೇ ಬರೀತಾನ. ಮಸ್ಕತ್ತಿಗಿ ಹೋಗಿ ಆರು ತಿಂಗಳಾತು, ಒಂದು ಸಲ ದನಿ ಕೇಳಿಸಲಿಲ್ಲ. ಫೋನ್ ಮಾಡಾಕ ಬಿಡಂಗಿಲ್ಲಂತ, ಅದ್ಯಾವ ಕಂಪನಿನೋ." ಹಲೀಮಾಳ ಉಸಿರು ಭಾರವಾಗಿತ್ತು. ಎದೆಯ ಆಪರೇಶನ್ ಆದಾಗಿನಿಂದ ಹಾಗೆಯೇ. "ನಾ ಆಸ್ಪತ್ರ್ಯಾಗ ಬಿದ್ದಾಗ ಮುಖ ಸೈತ ತೋರಸ್ದಂಗ ಹೋದ. ಸಿಗಲಿ ಕೈಗಿ, ಕಿವಿ ಹಿಂಡ್ತೀನಿ."

"ಅಬ್ಬಾ ಎಲ್ಲಿ?"

"ಇವತ್ತು ಜುಮೇರಾತ್ ಅಲ್ಲ, ದರ್ಗಾಕ್ಕ ಹೋಗ್ಯಾರ. ನೀರಿನ ಕ್ಯಾನ್ ಹಿಡಕೊಂಡು. ಪ್ರತಿ ವಾರ ದರ್ಗಾದ ಗಿಡಕ್ಕ ನೀರು ಹಾಕಿ ಏನು ಪುಣ್ಯ ಬರತದೋ."

ನಿಶಾತ ಫೋನ್ ಇಟ್ಟಳು. ಪರದೆಯ ಮೇಲಿನ ಹಸಿರು ಹಾಗೇ ಹೊಳೆಯುತ್ತಿತ್ತು.

*

ಸೇತುವೆ ದಾಟಿ ಓಡಿ, ದಾದರಿನಲ್ಲಿ ಬೊರಿವಲಿಯ ಫಾಸ್ಟ್ ಲೋಕಲ್ ಹಿಡಿಯುವವರೆಗೆ ಅವಳು ಏನನ್ನೂ ಯೋಚಿಸಲಿಲ್ಲ. ಹೆಂಗಸರ ಡಬ್ಬಿಯ ಬಾಗಿಲಲ್ಲಿ ನಿಂತ ಮೇಲೆ ನೆನಪುಗಳು ಒಂದೊಂದಾಗಿ ಬಂದವು. ಬೇಡವೆಂದರೂ ಬಂದವು.

ಕಳೆದ ದೀಪಾವಳಿಯ ಆಸುಪಾಸಿನಲ್ಲಿ ಪಕ್ಕದ ಖೋಲಿಯ ಮಲ್ಲಕ್ಕ ಜಗಳ ತೆಗೆದಿದ್ದಳು. ನಬೀಸಾಬರು ಚಾಳಿನ ಹಿಂದಿನ ಮಣ್ಣೆಲ್ಲ ಬಗೆದು ಸಿಮೆಂಟಿನ ಚೀಲಕ್ಕೆ ತುಂಬುತ್ತಿದ್ದಾರೆ, ನಳದ ಪೈಪು ಹೊರಗೆ ಬಿತ್ತು ಎಂದು ಕೂಗಾಡಿದ್ದಳು. ದರ್ಗಾದ ಕುಂಡಗಳಿಗೆ ಬೇಕಾಗಿತ್ತು ಎಂದಿದ್ದ ಅಬ್ಬಾ. ಅಮ್ಮಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಮಣ್ಣು ಹೊರುವ ಈ ಭಕ್ತಿ ಯಾವುದು ಎಂದು ನಿಶಾತಳೂ ರೇಗಿದ್ದಳು.

ಮತ್ತೆ ಆ ಚಪ್ಪಲಿಗಳು. ಗೋದಾಮು ಮುಚ್ಚಿ ಮೂರು ತಿಂಗಳಾದರೂ ಗುರುವಾರ ಸಂಜೆ ಅಬ್ಬಾನ ಚಪ್ಪಲಿಯ ತಳ ಕಪ್ಪಾಗಿರುತ್ತಿತ್ತು. ನೂರಾರು ಎಕರೆಯ ಎಣ್ಣೆಯನ್ನು ಆಕಾಶದಿಂದ ಹುಡುಕುವವಳಿಗೆ ಮನೆಯ ಹೊಸ್ತಿಲ ಎಣ್ಣೆ ಕಾಣಲಿಲ್ಲ. ತನ್ನ ವಿದ್ಯೆಯ ಮೇಲೆ ಅವಳಿಗೆ ನಾಚಿಕೆಯಾಯಿತು.

ಸಾಂತಾಕ್ರೂಜ್ ಸ್ಟೇಷನ್ ನಿಲ್ಲದೆ ಹಿಂದೆ ಓಡಿತು. ಚೀಲದಲ್ಲಿದ್ದ ಲ್ಯಾಪ್‌ಟಾಪಿನಲ್ಲಿ ನಕ್ಷೆ ಸಿದ್ಧವಿತ್ತು, ಸಹಿಯೊಂದು ಬಾಕಿ. ಕಳಿಸಿದರೆ ಅಬ್ಬಾ ಜೈಲಿಗೆ. ಆ ಆರಡಿಯನ್ನು ನೇರಳೆ ಮಾಡಿ ಅಳಿಸಲು ಎರಡು ನಿಮಿಷವೂ ಬೇಡ. ಅಳಿಸಿದರೆ ಸುಂದ್ರವ್ವನ ಮುಂದಿದ್ದ ಒಂದೇ ದಾರಿ ಮುಚ್ಚಿಹೋಗುತ್ತಿತ್ತು.

ಗೋದಾಮಿನ ಹಿಂದಿನ ಗೋಡೆ ಒಂದು ಕಡೆ ಕುಸಿದಿತ್ತು. ಅವಳು ಓಢಣಿ ಸೊಂಟಕ್ಕೆ ಬಿಗಿದು ಒಳಗೆ ಇಳಿದಳು. ನಾಲ್ಕು ಗಂಟೆಯ ಬಿಸಿಲಿಗೆ ನೆಲ ಬೆವರಿ ಮಿರುಗುತ್ತಿತ್ತು. ಹೆಜ್ಜೆ ಇಟ್ಟಲ್ಲೆಲ್ಲ ಚಪ್ಪಲಿ ಅಂಟುತ್ತಿತ್ತು. ಹಳೆಯ ಇಂಜಿನ್ ಎಣ್ಣೆಯ ವಾಸನೆ ತಲೆಗೆ ಏರಿತು.

ಆ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ತುಳಸಿಯಂಥದ್ದು, ಇನ್ನೂ ತುಸು ಸಿಹಿ. ಸಬ್ಜಾ. ಅಜ್ಜನ ಖಬರಿನ ಮೇಲೆ ಮನೆಯವರು ನೆಟ್ಟಿದ್ದ ಗಿಡ ಅದೇ. ಅವರ ಕಡೆ ಗೋರಿಯ ಮೇಲೆ ಕಲ್ಲು ಇಡದಿದ್ದರೂ ಸಬ್ಜಾ ನೆಡದೆ ಬಿಡುವುದಿಲ್ಲ.

ಗಿಡದ ಪಕ್ಕ, ಬೆನ್ನು ತೋರಿಸಿ, ಕುಕ್ಕರುಗಾಲಿನಲ್ಲಿ ಕುಳಿತಿದ್ದ ನಬೀಸಾಬ. ಪಕ್ಕದಲ್ಲಿ ಮನೆಯ ನೀಲಿ ಕ್ಯಾನು.

"ಅಬ್ಬಾ."

ಅವನು ಬೆಚ್ಚಲಿಲ್ಲ. ನಿಧಾನವಾಗಿ ತಿರುಗಿ ನೋಡಿದ. ಬಹಳ ದಿನದಿಂದ ಯಾರೋ ಬರುತ್ತಾರೆ ಎಂದು ಕಾದು ಕುಳಿತವನ ಮುಖ ಅದು. ಬಂದವಳು ಮಗಳು ಎಂಬುದಷ್ಟೇ ಅವನ ಲೆಕ್ಕಕ್ಕೆ ಸಿಕ್ಕಿರಲಿಲ್ಲ.

"ನೀ ಹ್ಯಾಂಗ ಬಂದಿ?"

"ಮ್ಯಾಲಿಂದ ಕಂಡ್ತು," ಎಂದಳು. ಕೈ ಎತ್ತಿ ಆಕಾಶ ತೋರಿಸಿದಳು. "ಸುತ್ತ ಎಲ್ಲಾ ಎಣ್ಣಿ. ಇಷ್ಟೇ ಜಾಗಾ ಒಳ್ಳೆ ಮಣ್ಣು. ನಮ್ಮ ಚಾಳಿನ ಮಣ್ಣು. ಹೌದಲ್ಲ?"

"ಹನ್ನೆರಡು ಚೀಲ," ಎಂದ ನಬೀಸಾಬ. "ಹೂತ ಮ್ಯಾಲ ನಾಕು ದಿನ ಹೊತ್ತೆ, ಲೋಕಲ್‌ನ ಲಗೇಜ್ ಡಬ್ಬಿನ್ಯಾಗ. ಈ ಎಣ್ಣಿ ಮಣ್ಣಾಗ ಹ್ಯಾಂಗ ಬಿಡ್ಲಿ ಬೇಟಿ? ಬದುಕಿದ್ದಾಗಂತೂ ಇದರಾಗೇ ದುಡಿದ."

"ಯಾರು?"

ಅವನು ಸಬ್ಜಾದ ಒಣ ಎಲೆ ಕಿತ್ತು ಪಕ್ಕಕ್ಕೆ ಹಾಕಿದ.

"ಅಬ್ಬಾ, ಇದು ಭೀಮರಾಯ ಕಾಕಾ ಅಲ್ಲ. ಅವರು ಕಾಣೆ ಆಗೂಕಿಂತ ಮೊದಲೇ ಈ ಕುಣಿ ಐತಿ, ಫೋಟೋದಾಗ ನೋಡೀನಿ. ಯಾರನ್ನ ಹೂತೀರಿ ಇಲ್ಲಿ?"

"ಅಮ್ಮಿಗಿ ಹೇಳಂಗಿಲ್ಲ ಅಂತ ಕಸಂ ತಿನ್ನು."

"ಯಾರು ಅಬ್ಬಾ?"

"ನಿಮ್ಮ ಶಾಹೀದ."

ನಿಶಾತ ನಿಂತಲ್ಲೇ ಕುಸಿದಳು. ಎಣ್ಣೆ ನೆಲಕ್ಕೆ ಅಂಗೈ ಊರಿದ್ದು ಅವಳಿಗೆ ತಿಳಿಯಲಿಲ್ಲ. ಕಿವಿಯಲ್ಲಿ ಗುಂಯ್ ಎಂಬ ಸದ್ದು ತುಂಬಿತು. ಹೈವೇಯ ಟ್ರಕ್ಕುಗಳೋ, ತನ್ನದೇ ರಕ್ತವೋ.

ಕಳೆದ ಶುಕ್ರವಾರ ಅವನು ಬರೆದಿದ್ದ, ಇಲ್ಲಿಯ ಬಿರಿಯಾನಿಗೆ ಅಮ್ಮಿಯ ಕೈರುಚಿ ಇಲ್ಲ ಎಂದು. ಅವಳು ನಗುವ ಮುಖ ಕಳಿಸಿದ್ದಳು.

"ಸುಳ್ಳು," ಎಂದಳು. "ಅಂವ ಮಸ್ಕತ್ತಿನ್ಯಾಗ ಅದಾನ. ವಾರಾ ವಾರಾ ಮೆಸೇಜ್ ಬರತಾವ."

"ನಿಮ್ಮ ಅಮ್ಮಿ ಆಪರೇಶನ್ ಆಗಿ ಎರಡನೇ ದಿನ," ನಬೀಸಾಬ ನೆಲ ನೋಡುತ್ತ ಹೇಳತೊಡಗಿದ. ಆರು ತಿಂಗಳು ಬಾಯೊಳಗೇ ತಿರುವಿ ತಿರುವಿ ಸವೆಸಿದ ಮಾತುಗಳು ತಡವರಿಸದೆ ಬಂದವು. "ಎಣ್ಣಿ ಟಾಕಿ ತೊಳಿಯೋ ಪಾಳಿ ನಂದು. ನಾ ಆಸ್ಪತ್ರಿ ಬಿಟ್ಟು ಬರಾಕ ಆಗಲಿಲ್ಲ. ನನ್ನ ಬದಲಿ ನೀ ಇಳಿ ಅಂತ ಶಾಹೀದಗ ನಾನೇ ಹೇಳಿದೆ. ನಾನೇ. ಸಂಜಿಗಿ ಮಾಲೀಕ ಸೊಹೈಲ ಫೋನ್ ಮಾಡಿದ. ಟಾಕಿ ಒಳಗ ಗ್ಯಾಸ್ ತುಂಬಿತ್ತಂತ."

"ಪೊಲೀಸರು? ಆಸ್ಪತ್ರಿ? ಖಬರಸ್ತಾನ ಇರಲಿಲ್ಲೇನು ಈ ಊರಾಗ?"

"ಖಬರಸ್ತಾನಕ್ಕ ಡಾಕ್ಟರ ಚೀಟಿ ಬೇಕು. ಚೀಟಿ ಅಂದ್ರ ಪೊಲೀಸರು. ಪೊಲೀಸರು ಮನಿಗಿ ಬಂದ್ರ ನಿಮ್ಮ ಅಮ್ಮಿಗಿ ಗೊತ್ತಾಗ್ತದ. ಎದಿಗಿ ಧಕ್ಕಾ ತಗಲಿದ್ರ ಉಳಿಯಂಗಿಲ್ಲ ಅಂದಿದ್ರು ಡಾಕ್ಟರು. ಟಾಕಿಗಿ ಇಳಿಸಿದಾಂವ ನೀನು, ನಿನ್ನನ್ನೇ ಒಳಗ ಹಾಕ್ತಾರ ಅಂದ ಸೊಹೈಲ. ಅಕಿ ಮನಿಗಿ ಬರಲಿ, ಆಮ್ಯಾಲೆ ಹೇಳೋಣ ಅಂದ್ಕೊಂಡೆ. ಬಂದ್ಲು. ಹೇಳಲಿಲ್ಲ."

"ಆ ಮೆಸೇಜು?"

"ಭೀಮರಾಯ ಬರೀತಿದ್ದ. ಶಾಹೀದನ ಫೋನ್ ಅವನ ಕಡೆ ಇತ್ತು. ನನಗ ಬರಿಯಾಕ ಬರಂಗಿಲ್ಲಲ್ಲ, ನಾ ಕೈಮುಗಿದು ಕೇಳಿದೆ. ಡಿಸೆಂಬರದಾಗ ಅಂವ ಕಾಣೆ ಆದ. ಆದ್ರ ಮೆಸೇಜ್ ನಿಂದ್ರಲಿಲ್ಲ. ಬರತಾವ ಅಂದ್ರ ಭೀಮರಾಯ ಎಲ್ಲೋ ಬದುಕ್ಯಾನ ಅಂತ ನಂಬೀನಿ."

ನಿಶಾತಳಿಗೆ ಸಿಟ್ಟು ಬಂತು. ಅಳುವಿಗಿಂತ ಮೊದಲು ಸಿಟ್ಟೇ ಬಂತು. ಆರು ತಿಂಗಳು ಈ ಮನುಷ್ಯ ತಮ್ಮೊಡನೆ ಕುಳಿತು ಉಂಡಿದ್ದ. ಅಮ್ಮಿ ಮೆಸೇಜ್ ಓದಿಸಿಕೊಂಡು ನಕ್ಕಾಗ ತಾನೂ ನಕ್ಕಿದ್ದ. ಅವನನ್ನು ಹಿಡಿದು ಅಲುಗಿಸಬೇಕು ಎನಿಸಿತು. ಅವನ ತೋಳು ಹಿಡಿದರೆ ಎಲುಬಷ್ಟೇ ಕೈಗೆ ಸಿಕ್ಕಿತು.

"ಕಡೀಗಿ ಹ್ಯಾಂಗಿದ್ದ?" ಎಂದು ಕೇಳಿದಳು. "ಮುಖ ಹ್ಯಾಂಗಿತ್ತು?"

ನಬೀಸಾಬ ಕ್ಯಾನಿನ ಮುಚ್ಚಳ ತಿರುವಿ ತೆಗೆದ.

"ನೋಡಲಿಲ್ಲ."

"ಅಂದ್ರ?"

"ನಾ ಬರೂಷ್ಟರಾಗ ಸೊಹೈಲ, ಭೀಮರಾಯ ಇಬ್ಬರೂ ಕಫನ್ ಬಟ್ಟಿ ಸುತ್ತಿ ಇಟ್ಟಿದ್ರು. ಟಾಕಿ ತೊಳಿಯೋ ಆ್ಯಸಿಡ್ ಬಿದ್ದು ಮುಖ ಸುಟ್ಟದ, ನೋಡಬ್ಯಾಡ್ರಿ ಚಾಚಾ ಅಂದ ಸೊಹೈಲ. ಮಣ್ಣು ಕೊಡೂ ಮೊದಲ ಮನಿಯವರಿಗಿ ಮುಖ ತೋರಸೂದು ನಮ್ಮ ರಿವಾಜು, ನನಗ ಗೊತ್ತಿಲ್ಲೇನು? ಆದ್ರ ಕಳಿಸಿದಾಂವ ನಾನು. ಯಾವ ಮುಖ ಇಟ್ಕೊಂಡು ಅವನ ಮುಖ ನೋಡ್ಲಿ?" ಅವನ ದನಿ ಮೊದಲ ಸಲ ಒಡೆಯಿತು. "ದಿಕ್ಕು ನಾನೇ ನೋಡಿ ಮಲಗಿಸಿದೆ. ಮಣ್ಣು ತಂದೆ, ಸಬ್ಜಾ ಹಚ್ಚಿದೆ. ಅದೊಂದು ಮಾಡಲಿಲ್ಲ."

ಅವಳು ಅವನನ್ನು ತಬ್ಬಿಕೊಂಡಳು. ಇಬ್ಬರ ಕೈಯ ಎಣ್ಣೆಯೂ ಇಬ್ಬರ ಬೆನ್ನಿಗೆ ಹತ್ತಿತು. ಆಗ ಅಳು ಬಂತು. ತಡೆಯುವ ಗೋಜಿಗೆ ಅವಳು ಹೋಗಲಿಲ್ಲ.

ಫೋನಿನಲ್ಲಿ ಐದಕ್ಕೆ ಹದಿನೈದು ನಿಮಿಷವಿತ್ತು. ನಿಶಾತ ಮುಖ ಒರೆಸಿಕೊಂಡು ಎಲ್ಲ ಹೇಳಿದಳು. ಧರ್ಮಣ್ಣ, ನಕ್ಷೆ, ಸಹಿ, ಠಾಣೆ. ಎರಡು ನಿಮಿಷದಲ್ಲಿ ಅಳಿಸಬಹುದು ಎಂಬುದನ್ನೂ ಹೇಳಿದಳು.

"ನಿನ್ನ ಮಿಶಿನ್ ಸುಳ್ಳು ಹೇಳ್ತದೇನು?"

"ಮಿಶಿನ್ ಹೇಳಂಗಿಲ್ಲ. ನಾ ಹೇಳಬೇಕು."

"ಹಂಗಾರ ಕಳಸು," ಎಂದ ನಬೀಸಾಬ. "ಸುಂದ್ರವ್ವ ದಿನಾ ಮುಂದಿನ ಗೇಟಿಗಿ ಬಂದು ಕುಂದರತಾಳ. ನಾ ಹಿಂದಿನ ಗ್ವಾಡಿ ಹಾರಿ ಬರತೀನಿ, ಅಕಿ ಮುಖ ತಪ್ಪಿಸಿ. ನನ್ನ ಮಗ ಎಲ್ಲಿ ಮಲಗ್ಯಾನ ಅಂತರೆ ನನಗ ಗೊತ್ತೈತಿ. ಅಕಿಗಿ ಅಷ್ಟೂ ಗೊತ್ತಿಲ್ಲ. ಕಳಸು. ನಮ್ಮ ಹುಡುಗನೂ ಖಬರಸ್ತಾನ ಸೇರಲಿ."

ನಿಶಾತ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟು, ನಕ್ಷೆಯ ಮೂಲೆಯಲ್ಲಿ ಸಹಿ ಹಾಕಿದಳು. ಧರ್ಮಣ್ಣನ ಹೆಸರು ಒತ್ತಿದಳು. ಹೋಯಿತು. ಕೆಲವೇ ಕ್ಷಣದಲ್ಲಿ ಅವನು ನೋಡಿದ ಗುರುತೂ ಮೂಡಿತು.

ಮರುಗಳಿಗೆ ಅವಳ ಫೋನ್ ಕುಂಯ್‌ಗುಟ್ಟಿತು. ಧರ್ಮಣ್ಣನೇ ಇರಬೇಕು ಎಂದುಕೊಂಡು ಎತ್ತಿದಳು.

ನೀಲಿ ಟೋಪಿ ಹಾಕಿ ಹಲ್ಲು ಕಿರಿದ ಫೋಟೋ. ಹೆಸರು, ಶಾಹೀದ.

ಈ ದಿನ ಶುಕ್ರವಾರವಲ್ಲ. ಗುರುವಾರ ಅವನ ಮೆಸೇಜ್ ಒಂದು ಸಲವೂ ಬಂದದ್ದಿಲ್ಲ. ಮತ್ತು ಐದು ಗಂಟೆಯ ನಕ್ಷೆಯ ವಿಷಯ, ಈ ಗೋಡೆಯೊಳಗಿನ ಇಬ್ಬರನ್ನು ಬಿಟ್ಟರೆ, ಧರ್ಮಣ್ಣನಿಗೆ, ಅವನ ಜೊತೆ ಠಾಣೆಗೆ ಹೊರಟ ಸುಂದ್ರವ್ವನಿಗೆ ಮಾತ್ರ ಗೊತ್ತಿತ್ತು.

ಅವಳು ಓದಿದಳು. ಮತ್ತೆ ಓದಿದಳು.

"ಆಪಾ, ನಕ್ಷೆ ಧರ್ಮಣ್ಣಗ ಕೊಡಬ್ಯಾಡ. ಅಲ್ಲಿ ಮಲಗಿದಾಂವ ನಾನಲ್ಲ."

ಬರೆದದ್ದು ಬದುಕಿರುವ ತಮ್ಮನೋ, ಅವನ ಫೋನ್ ಹಿಡಿದ ಇನ್ನೊಬ್ಬನೋ?

ನಬೀಸಾಬ ಕ್ಯಾನನ್ನು ಎರಡೂ ಕೈಯಿಂದ ಎತ್ತಿ, ಉಳಿದ ನೀರನ್ನು ಒಂದು ಹನಿಯೂ ಹೊರಗೆ ಚೆಲ್ಲದಂತೆ ಸಬ್ಜಾದ ಬುಡಕ್ಕೆ ಹೊಯ್ಯುತ್ತಿದ್ದ.

"ಯಾರದು ಬೇಟಿ, ಮೆಸೇಜು?" ಎಂದು ತಿರುಗದೆಯೇ ಕೇಳಿದ. "ಅಮ್ಮಿದಾ?"